ಎತ್ತರವೂ ಬೇಕು, ಮೆತ್ತಗೂ ಇರಬೇಕು: ನನ್ನ ಜಿಪ್ಸಿಗೆ ಕಮಾನು ಕಟ್ಟಿಸಿದ ಅನುಭವ

ನನ್ನ ಮಾರುತಿ ಜಿಪ್ಸಿ ಈಗ ಕಂಪನಿ ಎತ್ತರಕ್ಕಿಂತ 2 ಇಂಚು ಮೇಲೆ ನಿಂತಿದೆ. ಸವಾರಿ ಮಾತ್ರ ಕಂಪನಿ ಕಮಾನಿಗಿಂತ ಮೆತ್ತಗೆ. ಕಮಾನು ಎಂದರೆ ಗಾಡಿಯ ಭಾರ ಹೊರುವ, ಬಾಗಿದ ಉಕ್ಕಿನ ಪ್ಲೇಟ್ ಜೋಡಿಸಿದ ಕಟ್ಟು, ಲೀಫ್ ಸ್ಪ್ರಿಂಗ್. ಇವೆರಡೂ ಒಂದೇ ಗಾಡಿಯಲ್ಲಿ ಆಗುವ ಮಾತಲ್ಲ ಎಂದು ಹೇಳದ ಮೆಕ್ಯಾನಿಕ್ ಶಿವಮೊಗ್ಗದಿಂದ ಹೊಸನಗರದವರೆಗೆ ನನಗೆ ಸಿಗಲಿಲ್ಲ. ಎತ್ತರ ಬೇಕಾದರೆ ಕುಕ್ಕು ತಡೆದುಕೊಳ್ಳಬೇಕು, ಮೆತ್ತಗೆ ಬೇಕಾದರೆ ಇಳಿಸಬೇಕು, ಇಷ್ಟೇ ಎಲ್ಲರ ಮಾತು. ತೆಳು ಪ್ಲೇಟಿನ ಕಮಾನು ಕಟ್ಟಿಸುತ್ತೇನೆ ಎಂದಾಗ, ಆರಿದ್ರಾ ಮಳೆಗೆ ಹಾಕಿದ್ದು ಆಶ್ಲೇಷ ಮಳೆಗೆ ಮಲಗುತ್ತದೆ ಎಂದರು. ಎರಡು ಮಳೆಗಾಲ ಪೂರ್ತಿ ಕಳೆದಿವೆ. ಮೊದಲ ತಿಂಗಳು 6-7 ಮಿ.ಮೀ. ಇಳಿಯಿತು, ಆಮೇಲೆ ಅಲ್ಲಾಡಿಲ್ಲ. ಈಗ ಅದೇ ಜನ ಬಂದು ಗಾಡಿ ಕೆಳಗೆ ಬಗ್ಗಿ ನೋಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಸಾಫ್ಟ್ ಟಾಪ್ ಜಿಪ್ಸಿ, ಎಂಪಿಎಫ್‌ಐ ಎಂಜಿನ್. ಟೈರ್ 215/75 ಆರ್15. ವಾರದಲ್ಲಿ ಒಂದೆರಡು ದಿನ ಶಿವಮೊಗ್ಗ ಪೇಟೆ, ಉಳಿದ ದಿನ ಹೊಸನಗರ ತಾಲೂಕಿನ ನಗರ, ನಿಟ್ಟೂರು, ಸಂಪೆಕಟ್ಟೆ ಕಡೆಯ ತೋಟದ ದಾರಿಗಳು. ಜಂಬಿಟ್ಟಿಗೆ ದರೆ ಕಡಿದು ಮಾಡಿದ ರಸ್ತೆ, ಮಧ್ಯೆ ನೀರು ಕೊರೆದ ಅಗಳು, ಮಳೆಗಾಲದಲ್ಲಿ ಕೆಂಪು ರಾಡಿ. ಅಡಿಕೆ ಕೊನೆ ಕೊಯ್ಲಿನ ಕಾಲ ಬಿಟ್ಟರೆ ಗಾಡಿ ಹೆಚ್ಚು ಹೊತ್ತು ಖಾಲಿಯೇ ಓಡುತ್ತದೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಪೂರ್ತಿ ಲೆಕ್ಕ ನಿಂತಿರುವುದು ಅದರ ಮೇಲೆ.

ಮೊದಲು ಹಾಕಿಸಿದ್ದು ಹೊರಗಿನ ಒಂದು ಅಂಗಡಿಯ 2 ಇಂಚಿನ ಲಿಫ್ಟ್ ಕಿಟ್. ನಾಲ್ಕು ಕಮಾನು, ನಾಲ್ಕು ಶಾಕ್ ಅಬ್ಸಾರ್ಬರ್, ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್, ಬುಷ್, ಫಿಟ್ಟಿಂಗ್ ಎಲ್ಲಾ ಸೇರಿ ಸುಮಾರು 48,000 ರೂಪಾಯಿ. ಎತ್ತರ ಬಂತು, ನೋಡಲು ಚೆಂದ ಕಂಡಿತು. ಆದರೆ ಸವಾರಿ? ರಸ್ತೆಯ ಮೇಲೆ ಬಿದ್ದ ಅಡಿಕೆ ಸಿಪ್ಪೆಯೂ ಸೀಟಿಗೆ ಗೊತ್ತಾಗುತ್ತಿತ್ತು. ರಿಪ್ಪನ್‌ಪೇಟೆ ರಸ್ತೆಯ ಹಂಪ್ ಮೇಲೆ 20ರ ವೇಗದಲ್ಲಿ ಹೋದರೂ ಹಿಂದಿನ ಚಕ್ರ ಎರಡೂ ನೆಲ ಬಿಡುತ್ತಿದ್ದವು. ಅಪ್ಪ ಹಿಂದಿನ ಸೀಟಿನಲ್ಲಿ ಕೂರುವುದನ್ನೇ ನಿಲ್ಲಿಸಿದರು. ಅಂಗಡಿಯವರನ್ನು ಕೇಳಿದರೆ, ಸಾವಿರ ಕಿಲೋಮೀಟರ್ ಓಡಲಿ, ಕಮಾನು ಪಳಗುತ್ತದೆ ಎಂದರು. ಐದು ಸಾವಿರ ಓಡಿತು, ಏನೂ ಪಳಗಲಿಲ್ಲ.

ಆಮೇಲೆ ಸಲಹೆಗಳ ಸರದಿ. ಒಬ್ಬರು ಒಂದು ಪ್ಲೇಟ್ ತೆಗೆಯಿರಿ ಎಂದರು. ಮೂರನೆಯದನ್ನು ತೆಗೆಸಿದೆ. ಎತ್ತರ ಮುಕ್ಕಾಲು ಇಂಚು ಹೋಯಿತು. ಕುಕ್ಕು ಸ್ವಲ್ಪ ಕಡಿಮೆ ಆಯಿತು, ಆದರೆ ಎರಡನೇ ಪ್ಲೇಟಿನಿಂದ ನಾಲ್ಕನೆಯದಕ್ಕೆ ಉದ್ದದಲ್ಲಿ ದೊಡ್ಡ ಮೆಟ್ಟಿಲು ಬಿತ್ತು. ಭಾರವೆಲ್ಲ ಆ ಜಾಗಕ್ಕೇ. ಕೆಲವೇ ತಿಂಗಳಲ್ಲಿ ಎರಡನೇ ಪ್ಲೇಟಿನಲ್ಲಿ ಅಲ್ಲೇ ಬಿರುಕು. ಇನ್ನೊಬ್ಬರು ಮೆತ್ತನೆ ಶಾಕ್ ಹಾಕಿಸಿ ಎಂದರು. ಅದಕ್ಕೆ 7,000 ಹೋಯಿತು, ಗಾಡಿ ಹಡಗಿನ ಹಾಗೆ ತೂಗಾಡಿತು, ಕುಕ್ಕು ಹಾಗೇ ಉಳಿಯಿತು. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಕಮಾನು ಹೊರುತ್ತದೆ. ಗಟ್ಟಿ ಕಮಾನಿಗೆ ಮೆತ್ತನೆ ಶಾಕ್ ಹಾಕಿದರೆ ಎರಡರ ಕೆಟ್ಟ ಗುಣವೂ ಸಿಗುತ್ತದೆ, ಅಷ್ಟೇ. ಮೂರನೆಯವರು ಕಂಪನಿ ಕಮಾನು ವಾಪಸ್ ಹಾಕಿ ಉದ್ದ ಶಾಕಲ್ ಕೊಡಿಸಿ ಎಂದರು. ಶಾಕಲ್ ಎಂದರೆ ಕಮಾನಿನ ಒಂದು ತುದಿಯನ್ನು ಚಾಸಿಸ್‌ಗೆ ಸೇರಿಸುವ, ಅತ್ತಿತ್ತ ಆಡುವ ಕೊಂಡಿ. ಶಾಕಲ್ ಎಷ್ಟು ಉದ್ದ ಮಾಡುತ್ತೀರೋ ಅದರ ಅರ್ಧ ಮಾತ್ರ ಎತ್ತರ ಸಿಗುತ್ತದೆ. 2 ಇಂಚು ಎತ್ತರಕ್ಕೆ 4 ಇಂಚು ಹೆಚ್ಚು ಉದ್ದದ ಶಾಕಲ್ ಬೇಕು. ಆಗ ಗಾಡಿ ತಿರುವಿನಲ್ಲಿ ಅಡ್ಡಡ್ಡ ಓಲಾಡುತ್ತದೆ. ಅದನ್ನು ಕಾಗದದ ಮೇಲೇ ಬಿಟ್ಟೆ.

ಕಮಾನನ್ನು ಆಕ್ಸಲ್ ಮೇಲೆ ಕೂರಿಸುವ ಸಲಹೆಯಂತೂ ಬಂದೇ ಬಂತು. ಜಿಪ್ಸಿಯಲ್ಲಿ ಅದು ಆಕ್ಸಲ್ ಕೆಳಗೆ ಇದೆಯಲ್ಲ, ಮೇಲೆ ತಂದರೆ ಸುಮ್ನೆ 5 ಇಂಚು ಸಿಗುತ್ತದೆ, ಕಂಪನಿ ಕಮಾನಿನ ಮೆತ್ತನೆ ಗುಣವೂ ಉಳಿಯುತ್ತದೆ. ನಿಜವೇ. ಆದರೆ ಆಗುಂಬೆ ಘಾಟಿಯ 14 ತಿರುವುಗಳನ್ನು 5 ಇಂಚು ಎತ್ತರದ ಸಾಫ್ಟ್ ಟಾಪಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಇಳಿಯುವ ಆಸೆ ನನಗಿಲ್ಲ. ಸ್ಟೀರಿಂಗ್ ರಾಡ್, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಪೈಪ್ ಎಲ್ಲಾ ಹೊಸದಾಗಿ ಮಾಡಬೇಕು. ನನಗೆ ಬೇಕಿದ್ದದ್ದು 2 ಇಂಚು. ಅದೂ ಬಾಡಿ ಕೆಳಗೆ ಮಾತ್ರ.

ಇಲ್ಲಿ ಒಂದು ಮಾತು. ಕಮಾನು ಎತ್ತರಿಸಿದರೆ ಬಾಡಿ, ಚಾಸಿಸ್, ಬಂಪರ್ ಮೇಲೇರುತ್ತವೆ. ಡಿಫರೆನ್ಷಿಯಲ್, ಅಂದರೆ ಆಕ್ಸಲ್ ಮಧ್ಯೆ ಕೆಳಗೆ ಉಬ್ಬಿರುವ ಗೇರ್ ಗುಂಡು, ಒಂದು ನೂಲೂ ಮೇಲೇರುವುದಿಲ್ಲ. ಅದು ಏರುವುದು ದೊಡ್ಡ ಟೈರಿನಿಂದ ಮಾತ್ರ. ಜಿಪ್ಸಿಯ ಮೂಲ ಟೈರ್ 205/70, ಅದರಿಂದ 215/75ಕ್ಕೆ ಬಂದಾಗ ಡಿಫರೆನ್ಷಿಯಲ್ ಕೆಳಗೆ 18 ಮಿ.ಮೀ. ಹತ್ತಿರ ಸಿಗುತ್ತದೆ. ಕಟ್ಟಿನಹೊಳೆಯಿಂದ ಕೊಡಚಾದ್ರಿ ಹತ್ತುವ ದಾರಿಯಲ್ಲಿ ಕಲ್ಲು ಬಡಿಯುವುದು ಅಲ್ಲಿಗೇ. 4 ಇಂಚು ಲಿಫ್ಟ್ ಮಾಡಿಸಿ ಡಿಫರೆನ್ಷಿಯಲ್ ಹೊಟ್ಟೆ ತೂತು ಮಾಡಿಕೊಂಡವರನ್ನು ನೋಡಿದ್ದೇನೆ. ಇದೇ ಕಾರಣಕ್ಕೆ ಎತ್ತರ ಅಳೆಯುವಾಗ ನೆಲದಿಂದ ಅಳೆಯಬಾರದು. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳೆಯಿರಿ. ಟೈರ್, ಗಾಳಿ ಯಾವುದೂ ಆ ಅಳತೆಗೆ ಅಡ್ಡ ಬರುವುದಿಲ್ಲ.

ನನ್ನ ಕೆಲಸ ಶುರುವಾದದ್ದು ಅಳತೆಯಿಂದಲೇ. ಗ್ಯಾರೇಜಿನವರು ಕೈಯಿಂದ ಒತ್ತಿ ನೋಡಿ ಗಟ್ಟಿ, ಮೆತ್ತಗೆ ಎನ್ನುತ್ತಾರೆ. ನಾನು ಅಡಿಕೆ ಮೂಟೆ ಇಟ್ಟೆ. ಸುಮಾರು 65 ಕೆಜಿಯ ಎರಡು ಮೂಟೆ, ಹಿಂದಿನ ಆಕ್ಸಲ್‌ಗೆ ಸರಿಯಾಗಿ ಮೇಲೆ. ಅಂದರೆ ಒಂದೊಂದು ಕಮಾನಿಗೆ ಒಂದು ಮೂಟೆ. ಇಟ್ಟ ಮೇಲೆ ಗಾಡಿಯನ್ನು ನಾಲ್ಕು ಬಾರಿ ಕುಲುಕಿ, ಅದು ತಾನಾಗಿ ನಿಂತ ಮೇಲೆ ಅಳೆಯಬೇಕು. ಕಿಟ್ ಕಮಾನು 18 ಮಿ.ಮೀ. ಇಳಿಯಿತು. ತೆಗೆದಿಟ್ಟಿದ್ದ ಕಂಪನಿ ಕಮಾನು ವಾಪಸ್ ಹಾಕಿ ಅದೇ ಮೂಟೆ ಇಟ್ಟರೆ 30ರ ಹತ್ತಿರ. ಅಂದರೆ ಕಿಟ್ ಒಂದೂವರೆ ಪಟ್ಟಿಗಿಂತ ಜಾಸ್ತಿ ಗಟ್ಟಿ. ಇಷ್ಟು ತಿಳಿಯಲು ಎರಡು ಮೂಟೆ ಮತ್ತು ಒಂದು ಟೇಪ್ ಸಾಕಾಯಿತು, ಅಲ್ವಾ?

ಮುಂದಿನ ಲೆಕ್ಕವೇ ನನ್ನ ಕಣ್ಣು ತೆರೆಸಿದ್ದು. ಮಂಡಿಯ ಹತ್ತಿರದ ವೇ ಬ್ರಿಜ್‌ನಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಹತ್ತಿಸಿ ತೂಕ ಹಾಕಿಸಿದೆ. ಆಕ್ಸಲ್, ಚಕ್ರ, ಬ್ರೇಕ್‌ನ ತೂಕ ಅಂದಾಜಿನಲ್ಲಿ ಕಳೆದರೆ ಒಂದು ಕಮಾನಿನ ಮೇಲೆ ಖಾಲಿ ಗಾಡಿಯ ಭಾರ 170 ಕೆಜಿ ಆಸುಪಾಸು. ಕಂಪನಿ ಕಮಾನು ಈ ಭಾರಕ್ಕೆ ಸುಮಾರು 78 ಮಿ.ಮೀ. ಬಗ್ಗುತ್ತದೆ. ಕಿಟ್ ಕಮಾನು 47 ಮಾತ್ರ. ವ್ಯತ್ಯಾಸ 31 ಮಿ.ಮೀ. ಗೊತ್ತಾಯಿತಾ? ಕಿಟ್‌ನವರು 2 ಇಂಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಎತ್ತರವನ್ನು ಬಾಗಿನಿಂದ ತಂದೇ ಇಲ್ಲ. ಗಟ್ಟಿತನದಿಂದ ತಂದಿದ್ದಾರೆ. ದಪ್ಪ ಪ್ಲೇಟ್ ಹಾಕಿದರೆ ಗಾಡಿ ಕಡಿಮೆ ಕೂರುತ್ತದೆ, ಕಡಿಮೆ ಕೂತರೆ ಎತ್ತರ ಕಾಣುತ್ತದೆ. ತಯಾರಿಸುವವರಿಗೆ ಇದು ಸುಲಭ. ಬಾಡಿಗೆ ಜೀಪಿನವರಿಗೂ ಅದೇ ಸರಿ, ಎಂಟು ಹತ್ತು ಜನರನ್ನು ಹೇರಿಕೊಂಡು ಬೆಟ್ಟ ಹತ್ತುವವರಿಗೆ ಗಟ್ಟಿ ಕಮಾನೇ ಬೇಕು. ನನ್ನನ್ನು ನಂಬದವರಲ್ಲಿ ಹೆಚ್ಚಿನವರು ಅಂಥ ಗಾಡಿಗಳನ್ನೇ ನೋಡಿ ಕಲಿತವರು. ಅವರ ಗಾಡಿಗೆ ಅವರ ಮಾತು ಸತ್ಯ. ಖಾಲಿ ಓಡುವ ಗಾಡಿಗೆ ಅಲ್ಲ.

ಹಾಗಾದರೆ ಎತ್ತರವನ್ನು ಪೂರ್ತಿ ಬಾಗಿನಿಂದಲೇ ತರಬೇಕು. ನಾನು ಇಟ್ಟುಕೊಂಡ ಗುರಿ: ಒಂದು ಮೂಟೆಗೆ 38 ಮಿ.ಮೀ. ಇಳಿಯುವ ಕಮಾನು. ಅದು ಖಾಲಿ ಭಾರಕ್ಕೆ 100 ಮಿ.ಮೀ. ಬಗ್ಗುತ್ತದೆ, ಕಂಪನಿಯದಕ್ಕಿಂತ 22 ಜಾಸ್ತಿ. ಅದನ್ನು ಸರಿತೂಗಿಸಲು 22, ಲಿಫ್ಟ್‌ಗೆ 50, ಒಟ್ಟು 72 ಮಿ.ಮೀ. ಹೆಚ್ಚಿನ ಬಾಗು ಬೇಕು. ಸುಮಾರು 3 ಇಂಚು. ಕಮಾನನ್ನು ಬಿಚ್ಚಿ ನೆಲದ ಮೇಲಿಟ್ಟರೆ ಬಿಲ್ಲಿನಷ್ಟು ಬಾಗಿ ಕಾಣುತ್ತದೆ. ಇದನ್ನು ಕೇಳಿಯೇ ಎಲ್ಲರೂ ತಲೆ ಅಲ್ಲಾಡಿಸಿದ್ದು.

ಪ್ಲೇಟಿನ ದಪ್ಪದ ವಿಷಯ. ಗಟ್ಟಿತನ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 5ರ ಘನ 125, 7ರ ಘನ 343. ಕಿಟ್‌ನಲ್ಲಿ 7 ಮಿ.ಮೀ. ದಪ್ಪದ 5 ಪ್ಲೇಟ್ ಇದ್ದವು. ನಾನು 5 ಮಿ.ಮೀ. ದಪ್ಪದ 7 ಪ್ಲೇಟ್ ಹಾಕಿಸಿದೆ. ಒಟ್ಟು ದಪ್ಪ ಎರಡರಲ್ಲೂ 35 ಮಿ.ಮೀ. ಗಟ್ಟಿತನ ಮಾತ್ರ ಹೆಚ್ಚುಕಡಿಮೆ ಅರ್ಧ. ಅದೇ ಕಬ್ಬಿಣ, ಅದೇ ತೂಕ, ಬೇರೆ ಗಾಡಿ! ತೆಳು ಪ್ಲೇಟ್ ಮುರಿಯುತ್ತದೆ ಎನ್ನುವವರಿಗೆ ನನ್ನ ಉತ್ತರ ಇದು: ಒಂದೇ ಅಳತೆಗೆ ಬಗ್ಗಿಸಿದರೆ 5 ಮಿ.ಮೀ. ಪ್ಲೇಟಿನ ಮೈಮೇಲೆ ಬೀಳುವ ಎಳೆತ 7ರದ್ದಕ್ಕಿಂತ ಸುಮಾರು 30 ಪರ್ಸೆಂಟ್ ಕಡಿಮೆ. ನನ್ನದು ಜಾಸ್ತಿ ಬಗ್ಗುತ್ತದೆ, ನಿಜ. ಆದರೆ ಆಕ್ಸಲ್ ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪ್‌ಗೆ ತಾಗುವವರೆಗಿನ ಪೂರ್ತಿ ಲೆಕ್ಕ ಹಾಕಿದರೆ ಎಳೆತ ಕಿಟ್ ಕಮಾನಿನಷ್ಟೇ ಬರುತ್ತದೆ. ಬಂಪ್ ಸ್ಟಾಪ್ ಮಾತ್ರ ಕೆಳಗಿಳಿಸಬೇಕು, ಅದನ್ನು ಬಿಟ್ಟು ತೆಳು ಕಮಾನಿಗೆ ಕೈ ಹಾಕಬೇಡಿ.

ಕಟ್ಟಿಸುವ ಕೆಲಸ ಸುಲಭ ಆಗಲಿಲ್ಲ. ಮೊದಲ ಜೊತೆಯನ್ನು ಒಂದು ಲಾರಿ ಕಮಾನಿನ ಅಂಗಡಿಯಲ್ಲಿ ಮಾಡಿಸಿದೆ. ಅಲ್ಲಿ ಪ್ಲೇಟನ್ನು ತಣ್ಣಗೇ ಸುತ್ತಿಗೆಯಿಂದ ಬಡಿದು ಬಾಗಿಸಿದರು. ಲಾರಿಗೆ ಹಾಗೇ ನಡೆಯುತ್ತದೆ ಎಂದರು. 72 ಮಿ.ಮೀ. ಹೆಚ್ಚಿನ ಬಾಗಿಗೆ ಅದು ನಡೆಯಲಿಲ್ಲ. ಹಾಕಿದ ಹದಿನೈದು ದಿನದೊಳಗೆ ಒಂದು ಕಡೆ ಒಂದೂವರೆ ಇಂಚು, ಇನ್ನೊಂದು ಕಡೆ ಒಂದು ಇಂಚು ಕುಸಿಯಿತು. ಗಾಡಿ ಓರೆಯಾಗಿ ನಿಂತಿತು. ಬಿಲ್ 9,000, ಎಲ್ಲಾ ಹೋಯಿತು. "ನಾವು ಹೇಳಿರಲಿಲ್ವಾ" ಎನ್ನುವವರಿಗೆ ಆ ತಿಂಗಳು ಹಬ್ಬ.

ದಾರಿ ತೋರಿಸಿದವರು ಭದ್ರಾವತಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು. ಕುಸಿದ ಪ್ಲೇಟ್ ನೋಡಿ, ಇದಕ್ಕೆ ಬಾಗು ಕೊಟ್ಟಿದ್ದಾರೆ, ಹದ ಕೊಟ್ಟಿಲ್ಲ ಎಂದರು. ಬಾಗಿಸಿದ ಮೇಲೆ 850 ಡಿಗ್ರಿ ಆಸುಪಾಸಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಆಮೇಲೆ 450-500 ಡಿಗ್ರಿಯಲ್ಲಿ ಮತ್ತೆ ಕಾಯಿಸಿ ಹದಕ್ಕೆ ತರಬೇಕು. ಬರೀ ಅದ್ದಿ ಬಿಟ್ಟರೆ ಗಾಜಿನಂತೆ ಒಡೆಯುತ್ತದೆ, ಹದ ಜಾಸ್ತಿ ಆದರೆ ಕುಸಿಯುತ್ತದೆ. ಎರಡನೇ ಜೊತೆಗೆ ಇಎನ್45 ಎಂಬ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನೇ ತರಿಸಿದೆ. ಹಳೆ ಲಾರಿ ಕಮಾನಿನ ಗುಜರಿ ಪಟ್ಟಿ ಬೇಡ ಎಂದೆ. ಅದು ಎಷ್ಟು ಲಕ್ಷ ಬಾರಿ ಬಗ್ಗಿ ಬಂದಿದೆಯೋ ಯಾರಿಗೆ ಗೊತ್ತು. ಹದ ಮಾಡಿಸಿದ್ದು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ. ನಾಲ್ಕು ಕಮಾನಿನ ಸಣ್ಣ ಕೆಲಸ ಬೇಡ ಎಂದು ಎರಡು ಕಡೆ ವಾಪಸ್ ಕಳಿಸಿದರು. ಮೂರನೇ ಕಡೆ ಬೇರೆಯವರ ಮಾಲಿನ ಜೊತೆ ಸೇರಿಸಿ ಒಲೆಗೆ ಹಾಕಿಕೊಟ್ಟರು, ಹತ್ತು ಹನ್ನೆರಡು ದಿನ ಕಾಯಬೇಕಾಯಿತು.

ಹದ ಆದ ಮೇಲೂ ಒಂದು ಕೆಲಸ ಇದೆ, ಅದನ್ನು ಹೆಚ್ಚಿನ ಅಂಗಡಿಯವರು ಮಾಡುವುದಿಲ್ಲ. ಕಟ್ಟಿದ ಕಮಾನನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಇಟ್ಟು ನೇರ ಆಗುವವರೆಗೆ, ಅದಕ್ಕಿಂತ ಒಂದು ಚೂರು ಕೆಳಗೂ ಒತ್ತಿ ಬಿಡಬೇಕು. ಎಷ್ಟು ಕುಸಿಯುವುದಿದೆಯೋ ಅದು ಪ್ರೆಸ್‌ನಲ್ಲೇ ಕುಸಿಯಲಿ, ಗಾಡಿಯಲ್ಲಿ ಬೇಡ. ಮೊದಲ ಒತ್ತಿಗೆ 10 ಮಿ.ಮೀ.ಗಿಂತ ಜಾಸ್ತಿ ಹೋಯಿತು, ಎರಡನೆಯದಕ್ಕೆ 2-3, ಆಮೇಲೆ ಇಲ್ಲ. ಆ ಕುಸಿತಕ್ಕೆಂದೇ ಮೊದಲೇ ಬಾಗು ಜಾಸ್ತಿ ಇಟ್ಟಿದ್ದೆ. ಎಷ್ಟು ಜಾಸ್ತಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪಟ್ಟಿಯಿಂದ ಪಟ್ಟಿಗೆ ಬೇರೆ, ಮತ್ತು ಅದನ್ನು ತಿಳಿಯಲು ನಾನು ದುಡ್ಡು ಕೊಟ್ಟಿದ್ದೇನೆ.

ಮೇನ್ ಪ್ಲೇಟ್, ಅಂದರೆ ಎಲ್ಲಕ್ಕಿಂತ ಉದ್ದದ ಪ್ಲೇಟ್, ಎರಡೂ ತುದಿಯಲ್ಲಿ ಸುರುಳಿ ಸುತ್ತಿರುತ್ತದೆ, ಅದೇ ಕಣ್ಣು. ಬಾಗು ಹೆಚ್ಚಿದರೆ ಕಣ್ಣಿನಿಂದ ಕಣ್ಣಿಗೆ ದೂರ ಕಡಿಮೆ ಆಗುತ್ತದೆ. ಮೇನ್ ಪ್ಲೇಟ್ ಮೊದಲಿನ ಉದ್ದವೇ ಇದ್ದರೆ ಶಾಕಲ್ ಒಳಗೆ ಎಳೆದುಕೊಂಡು ನೆಟ್ಟಗೆ ನಿಲ್ಲುತ್ತದೆ. ಹಳ್ಳಕ್ಕೆ ಬಿದ್ದಾಗ ಕಮಾನು ಉದ್ದ ಆಗಲು ನೋಡುತ್ತದೆ, ಶಾಕಲ್ ದಾರಿ ಬಿಡುವುದಿಲ್ಲ. ಆಗ ಎಂಥ ಮೆತ್ತನೆ ಕಮಾನೂ ಕಲ್ಲಾಗುತ್ತದೆ. ಎಷ್ಟೋ ಲಿಫ್ಟ್ ಗಾಡಿಗಳ ಕುಕ್ಕಿಗೆ ಇದೇ ಕಾರಣ, ಜನ ಸುಮ್ನೆ ಶಾಕ್ ಅಬ್ಸಾರ್ಬರ್ ಬದಲಾಯಿಸುತ್ತಾ ಇರುತ್ತಾರೆ. ನಾನು ಮೇನ್ ಪ್ಲೇಟನ್ನೇ ಸುಮಾರು 1 ಇಂಚು ಉದ್ದ ಮಾಡಿಸಿದೆ. ಗಾಡಿ ಖಾಲಿ ನಿಂತಾಗ ಹಿಂದಿನ ಶಾಕಲ್‌ನ ಕೆಳತುದಿ ಹಿಂದಕ್ಕೆ ವಾಲಿರಬೇಕು. ನಿಮ್ಮ ಗಾಡಿ ಕೆಳಗೆ ಈಗಲೇ ಬಗ್ಗಿ ನೋಡಿ.

ಮೆತ್ತನೆ ಕಮಾನಿಗೆ ಒಂದು ನಿಜವಾದ ತೊಂದರೆ ಇದೆ, ನಂಬದವರು ಅದನ್ನು ಹೇಳಿದ್ದು ಸರಿ. ಲೋ ಗೇರಿನಲ್ಲಿ ಏರು ಹತ್ತುವಾಗ ಆಕ್ಸಲ್ ಮೂತಿ ಮೇಲೆತ್ತುತ್ತದೆ, ಕಮಾನು ಎಸ್ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಕ್ಲಚ್ ಬಿಟ್ಟ ಕೂಡಲೇ ಹಿಂದೆ ಟಕ್ ಎಂದು ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟ್ ಹೊಡೆಯುತ್ತದೆ. ಮೊದಲ ಬಾರಿ ಕೊಡಚಾದ್ರಿ ಏರಿನಲ್ಲಿ ಚೆನ್ನಾಗಿಯೇ ಹೊಡೆಯಿತು. ಎರಡನೇ ಪ್ಲೇಟನ್ನೂ ಮುಂದಿನ ಕಣ್ಣಿನವರೆಗೆ ತಂದು ಅರ್ಧ ಸುತ್ತು ಹಾಕಿಸಿದೆ. ಪ್ಲೇಟ್‌ಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್‌ಗಳನ್ನು ಕಂಪನಿ ಜಾಗದಿಂದ ಬದಲಾಯಿಸಿದೆ. ಆಕ್ಸಲ್‌ಗಿಂತ ಮುಂದಿನ ಅರ್ಧ ಬಿಗಿ, ಹಿಂದಿನ ಅರ್ಧ ಸಡಿಲ. ಕ್ಲಿಪ್‌ನ ಸರಿಯಾದ ಜಾಗ ನನ್ನ ಹತ್ತಿರವೇ ಇರಲಿ, ಗಾಡಿ ತಂದವರಿಗೆ ತೋರಿಸುತ್ತೇನೆ. ಟಕ್ ಸದ್ದು ನಿಂತಿದೆ.

ಲೋಡ್‌ಗೆ ಏನು ಎಂದು ಕೇಳುತ್ತೀರಿ. ಏಳು ತೆಳು ಪ್ಲೇಟಿನ ಕೆಳಗೆ 8 ಮಿ.ಮೀ.ನ ಒಂದು ಗಿಡ್ಡ ಪ್ಲೇಟ್ ಇದೆ, ಬಾಗೇ ಇಲ್ಲ. ಖಾಲಿ ಇದ್ದಾಗ ಅದರ ತುದಿ ಮೇಲಿನ ಪ್ಲೇಟಿಗೆ ತಾಗುವುದೇ ಇಲ್ಲ. ಎರಡು ಮೂರು ಮೂಟೆ ಬಿದ್ದ ಮೇಲೆ ಕೂರುತ್ತದೆ, ಆಗ ಭಾರ ಹೊರುತ್ತದೆ. ಕೊನೆ ಕೊಯ್ಲಿನಲ್ಲಿ ನಾಲ್ಕು ಮೂಟೆ ಮತ್ತು ಇಬ್ಬರು ಆಳುಗಳನ್ನು ಹೇರಿ ಹುಲಿಕಲ್ ಘಾಟಿ ಇಳಿದಿದ್ದೇನೆ, ಬಂಪ್ ಸ್ಟಾಪ್ ಒಂದೆರಡು ಕಡೆ ಮಾತ್ರ ತಾಗಿತು.

ಪ್ಲೇಟ್‌ಗಳ ನಡುವಿನ ತಿಕ್ಕಾಟವೂ ಸಣ್ಣ ವಿಷಯ ಅಲ್ಲ. ಕಿಟ್ ಕಮಾನಿನಲ್ಲಿ ಗಾಡಿಯನ್ನು ಕೆಳಗೆ ಒತ್ತಿ ನಿಧಾನಕ್ಕೆ ಬಿಟ್ಟರೆ ಒಂದು ಅಳತೆ, ಮೇಲೆತ್ತಿ ಬಿಟ್ಟರೆ ಇನ್ನೊಂದು. ನಡುವೆ 12 ಮಿ.ಮೀ. ವ್ಯತ್ಯಾಸ. ಅಂದರೆ ಸಣ್ಣ ಹಳ್ಳ, ಸಣ್ಣ ಕಲ್ಲಿಗೆ ಕಮಾನು ಕೆಲಸವನ್ನೇ ಮಾಡುತ್ತಿರಲಿಲ್ಲ. ನಮ್ಮ ಮಳೆಗೆ ಪ್ಲೇಟ್ ನಡುವೆ ತುಕ್ಕು ಕಟ್ಟಿದರೆ ಇದು ಇನ್ನೂ ಜಾಸ್ತಿ. ಗ್ರಾಫೈಟ್ ಗ್ರೀಸ್ ಹಚ್ಚಿ ನೋಡಿದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆಗಾಲದಲ್ಲಿ ಕೆಂಪು ಮಣ್ಣು ಹಿಡಿದು ಉಜ್ಜುವ ಪೇಸ್ಟ್ ಆಯಿತು. ಆಮೇಲೆ ಬೋರ್ಡೋ ದ್ರಾವಣ ಕಲೆಸುವ ಹಳೆ ಪ್ಲಾಸ್ಟಿಕ್ ಡ್ರಮ್ ಕತ್ತರಿಸಿ ಪಟ್ಟಿ ಮಾಡಿ ಪ್ಲೇಟ್ ತುದಿಗಳಲ್ಲಿ ಇಟ್ಟೆ. ವ್ಯತ್ಯಾಸ 4 ಮಿ.ಮೀ.ಗೆ ಇಳಿಯಿತು! ಮೊದಲ ಪಟ್ಟಿಗಳು ಜಾರಿ ಹೊರಬಂದವು. ಈಗ ಪ್ಲೇಟ್ ತುದಿಯಲ್ಲಿ ಸಣ್ಣ ತೂತು ಹೊಡೆದು ಗುಂಡಿಯಂತೆ ಕೂರಿಸಿದ್ದೇನೆ. ತೂತನ್ನು ಹದ ಮಾಡುವ ಮೊದಲೇ ಹೊಡೆಯಬೇಕು, ಅಂಚನ್ನು ನುಣ್ಣಗೆ ಉಜ್ಜಬೇಕು, ಇಲ್ಲದಿದ್ದರೆ ಬಿರುಕು ಅಲ್ಲಿಂದಲೇ. ವರ್ಷಕ್ಕೆ ಒಮ್ಮೆ ಬದಲಾಯಿಸಿದರೆ ಆಯಿತು, ಖರ್ಚು ಏನೂ ಇಲ್ಲ.

ಮೊಬೈಲ್‌ನಲ್ಲಿ ಕುಲುಕಾಟ ಅಳೆಯುವ ಆ್ಯಪ್ ಹಾಕಿ, ಫೋನನ್ನು ಹಿಂದಿನ ಸೀಟಿಗೆ ಟೇಪಿನಿಂದ ಕಟ್ಟಿ, ನಮ್ಮ ಮನೆ ಉಣಗೋಲಿನಿಂದ ಡಾಂಬರು ರಸ್ತೆಯವರೆಗೆ ಒಂದೇ ವೇಗದಲ್ಲಿ ಓಡಿಸಿಯೂ ನೋಡಿದ್ದೇನೆ. ಕಿಟ್ ಕಮಾನಿನಲ್ಲಿ ಬಂದ ದೊಡ್ಡ ಏಟುಗಳು ಹೊಸದರಲ್ಲಿ ಅರ್ಧಕ್ಕೆ ಇಳಿದವು. ಅದೇ ದಿನ ಟೈರ್ ಗಾಳಿಯನ್ನು 28ರಿಂದ 18ಕ್ಕೆ ಇಳಿಸಿ ಓಡಿಸಿದೆ. ಸಣ್ಣ ಕಲ್ಲಿನ ನಡುಕ ಕಡಿಮೆ ಆಯಿತು, ದೊಡ್ಡ ಏಟು ಹಾಗೇ ಉಳಿಯಿತು. ಗಾಳಿ ಇಳಿಸಿ ಸವಾರಿ ಸರಿ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ ನೋಡಲಿ.

ಗೆಳೆಯರೊಬ್ಬರ ಹಳೆ ಥಾರ್ ಕತೆಯನ್ನೂ ಹೇಳಬೇಕು, ಯಾಕೆಂದರೆ ತುಂಬಾ ಜನ ಇದನ್ನೇ ಮಾಡುತ್ತಾರೆ. ಹಳೆ ಸಿಆರ್‌ಡಿಇ ಥಾರ್‌ನ ಮುಂದೆ ಕಮಾನಿನ ಬದಲು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು. ಬೋಲ್ಟ್ ತಿರುಗಿಸಿದರೆ ಮುಂಭಾಗ ಏರುತ್ತದೆ, ಖರ್ಚಿಲ್ಲ. ಅವರು ಪೂರ್ತಿ ಏರಿಸಿ, ಗಟ್ಟಿ ಆಗಿಬಿಟ್ಟಿತು ಎಂದು ನನ್ನ ಹತ್ತಿರ ಬಂದರು. ಬಾರ್ ಗಟ್ಟಿ ಆಗಿರಲಿಲ್ಲ. ಬೋಲ್ಟ್ ತಿರುಗಿಸಿದರೆ ಬಾರ್‌ನ ಗಟ್ಟಿತನ ಬದಲಾಗುವುದಿಲ್ಲ, ಅದು ನಿಲ್ಲುವ ಜಾಗ ಮಾತ್ರ ಬದಲಾಗುತ್ತದೆ. ಆದರೆ ಚಕ್ರ ಕೆಳಗೆ ಇಳಿಯಲು ಜಾಗವೇ ಉಳಿದಿರಲಿಲ್ಲ. ಪ್ರತಿ ಹಳ್ಳಕ್ಕೂ ಚಕ್ರದ ತೋಳು ಇನ್ನೂ ಕೆಳಗಿಳಿಯದಂತೆ ತಡೆಯುವ ಸ್ಟಾಪ್‌ಗೆ ಬಡಿಯುತ್ತಿತ್ತು. ಅರ್ಧ ಇಳಿಸಿ ಕೊಟ್ಟೆ, ಬೇರೆ ಏನೂ ಮಾಡಲಿಲ್ಲ, ಖುಷಿಯಿಂದ ಹೋದರು. ಜಿಪ್ಸಿಯಲ್ಲೂ ಇದೇ ಆಗುತ್ತದೆ, ಲಿಫ್ಟ್ ಮಾಡಿ ಕಂಪನಿ ಅಳತೆಯ ಶಾಕ್ ಅಬ್ಸಾರ್ಬರ್ ಬಿಟ್ಟರೆ. ಅದು ಪೂರ್ತಿ ಎಳೆದುಕೊಂಡು ನಿಂತಿರುತ್ತದೆ, ಹಳ್ಳಕ್ಕೆ ಡಬ್ ಎನ್ನುತ್ತದೆ. ಕಮಾನಿನ ದೋಷವೋ ಶಾಕ್‌ನ ದೋಷವೋ ತಿಳಿಯಲು ಶಾಕ್ ಬಿಚ್ಚಿಟ್ಟು ಮನೆ ಅಂಗಳದಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಡಬ್ ಹೋದರೆ ಉತ್ತರ ಸಿಕ್ಕಿತು. ನನ್ನ ಹಿಂದಿನ ಶಾಕ್ ಬೇರೊಂದು ಗಾಡಿಯದ್ದು, ಖಾಲಿ ನಿಂತಾಗ ಕೆಳಗೆ ಇಳಿಯಲು 4 ಇಂಚಿನಷ್ಟು ಜಾಗ ಉಳಿಯುತ್ತದೆ.

ಮುಂದಿನ ಕಮಾನಿಗೂ ಅದೇ ಲೆಕ್ಕ, ಪ್ಲೇಟ್ ಒಂದು ಜಾಸ್ತಿ. ಎಂಜಿನ್ ಭಾರ ಅಲ್ಲೇ ಇದೆಯಲ್ಲ. ಲಿಫ್ಟ್ ಆದ ಮೇಲೆ ಬಿ.ಎಚ್. ರಸ್ತೆಯಲ್ಲಿ 80 ದಾಟಿದರೆ ಸ್ಟೀರಿಂಗ್ ಅತ್ತಿತ್ತ ಹುಡುಕಾಡುತ್ತಿತ್ತು. ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ಸ್ಟೀರಿಂಗ್‌ಗೆ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ, ಕಡಿಮೆ ಆಗಿತ್ತು. ಕಮಾನು ಮತ್ತು ಆಕ್ಸಲ್ ನಡುವೆ 3 ಡಿಗ್ರಿಯ ಕಬ್ಬಿಣದ ಬೆಣೆ ಇಟ್ಟೆ, ಡ್ರ್ಯಾಗ್ ಲಿಂಕ್ ತಿರುಗಿಸಿ ಸ್ಟೀರಿಂಗ್ ನೇರ ಮಾಡಿದೆ, ಸರಿಹೋಯಿತು. ಬೆಣೆ ಅಲ್ಯೂಮಿನಿಯಂದು ಬೇಡ, ಒಡೆಯುತ್ತದೆ. ಬ್ರೇಕ್ ಹೋಸ್ ಉದ್ದದ್ದು ಹಾಕಿಸಿ, ಇದರಲ್ಲಿ ಉಳಿತಾಯ ನೋಡಬೇಡಿ. ಯು ಬೋಲ್ಟ್ ಹೊಸದೇ ಬೇಕು, 300-400 ಕಿಲೋಮೀಟರ್ ಆದ ಮೇಲೆ ಮತ್ತೆ ಬಿಗಿಯಬೇಕು. ಇವೆಲ್ಲ ನಿಮಗೆ ಗೊತ್ತಿರುವುದೇ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಾಯಿಸಲು ಅಡ್ಡ ಬರುತ್ತದೆ, ಅದನ್ನು ತಿಳಿದುಕೊಂಡೇ ಕೈ ಹಾಕಿ. ನಾನು 2 ಇಂಚಿಗೆ ನಿಲ್ಲಿಸಿದ್ದಕ್ಕೆ ಅದೂ ಒಂದು ಕಾರಣ. ಕಂಪನಿ ಕಮಾನು ನಾಲ್ಕನ್ನೂ ಎಣ್ಣೆ ಹಚ್ಚಿ ಅಟ್ಟದ ಮೇಲೆ ಇಟ್ಟಿದ್ದೇನೆ. ವಾಪಸ್ ಹಾಕಲು ಒಂದು ಹಗಲು ಸಾಕು.

ಖರ್ಚು ನೆನಪಿನಿಂದ ಹೇಳುತ್ತೇನೆ. ಪಟ್ಟಿ, ಕಣ್ಣು ಸುತ್ತಿಸಿದ್ದು, ಹದ, ಪ್ರೆಸ್ ಕೆಲಸ ಸೇರಿ 17,000 ಆಸುಪಾಸು. ಯು ಬೋಲ್ಟ್, ಬುಷ್, ಬೆಣೆ, ಬ್ರೇಕ್ ಹೋಸ್ 5,000. ಶಾಕ್ ಅಬ್ಸಾರ್ಬರ್ ನಾಲ್ಕಕ್ಕೆ 8,000. ಒಟ್ಟು 30,000 ಹತ್ತಿರ. ಕಿಟ್‌ಗೆ ಕೊಟ್ಟ 48,000, ಮೆತ್ತನೆ ಶಾಕ್‌ನ 7,000 ಮತ್ತು ತಣ್ಣಗೆ ಬಡಿದ ಜೊತೆಯ 9,000 ಇದರಲ್ಲಿ ಸೇರಿಲ್ಲ. ಕಿಟ್ ಕಮಾನನ್ನು ತೀರ್ಥಹಳ್ಳಿ ಕಡೆಯ ಒಬ್ಬರು 15,000ಕ್ಕೆ ತೆಗೆದುಕೊಂಡರು, ಬಿರುಕು ಬಿಟ್ಟ ಪ್ಲೇಟ್ ಬದಲಾಯಿಸಿಯೇ ಕೊಟ್ಟೆ. ಅವರದು ಬಾಡಿಗೆ ಗಾಡಿ, ಯಾವಾಗಲೂ ತುಂಬಿರುತ್ತದೆ. ಅವರಿಗೆ ಅದು ತುಂಬಾ ಹಿಡಿಸಿದೆ.

ಈಗ ಮಹೀಂದ್ರ ಎಂಎಂ540 ಜೀಪ್ ಇರುವವರು, ಬೊಲೆರೊ ಇರುವವರು ನನ್ನ ಅಳತೆಯನ್ನೇ ಕೇಳುತ್ತಿದ್ದಾರೆ. ಅದನ್ನು ಹಾಗೇ ಎತ್ತಿಕೊಂಡು ಹೋಗಬೇಡಿ, ಉದ್ದ, ಅಗಲ, ಭಾರ ಎಲ್ಲಾ ಬೇರೆ. ಖಾಲಿ ಗಾಡಿಯ ಹಿಂದಿನ ಚಕ್ರಗಳ ತೂಕ ಮತ್ತು ಮುಂದಿನ ಚಕ್ರಗಳ ತೂಕ ಬೇರೆ ಬೇರೆ ಹಾಕಿಸಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್‌ಗೆ ನಾಲ್ಕೂ ಕಡೆ ಅಳೆಯಿರಿ. ಎರಡು ಮೂಟೆ ಇಟ್ಟು ಎಷ್ಟು ಇಳಿಯಿತು ಬರೆದುಕೊಳ್ಳಿ. ಆ ಚೀಟಿ ತಂದರೆ ಎಷ್ಟು ಪ್ಲೇಟ್, ಎಷ್ಟು ಬಾಗು ಎಂದು ಕೂತ ಜಾಗದಲ್ಲೇ ಹೇಳುತ್ತೇನೆ.